ಫ್ರೀ ತಿಂಡಿ ಬಿಟ್ಟು ಬೆಳಿಗ್ಗೆ ಐದಕ್ಕೆ ಮಾರ್ಕೆಟ್ಟಿಗೆ ಯಾಕೆ ಹೋಗ್ತೀರಿ?

ವಿಯೆಟ್ನಾಂ ಫೋಟೋ ತೋರಿಸಿದಾಗಲೆಲ್ಲ ಇದೇ ಪ್ರಶ್ನೆ. "ರೂಮಿನ ಬಾಡಿಗೆಯಲ್ಲೇ ತಿಂಡಿ ಸೇರಿತ್ತಲ್ಲ, ಅದನ್ನ ಬಿಟ್ಟು ಕತ್ತಲಲ್ಲೇ ಎದ್ದು ಮಾರ್ಕೆಟ್ಟಿಗೆ ಯಾಕೆ ಹೋಗ್ತೀರಿ? ಕೊಳ್ಳೋದು ಏನೂ ಇರಲ್ಲ, ಅಲ್ವಾ?" ಇದರ ಬೆನ್ನಿಗೇ ಇನ್ನೆರಡು ಬರುತ್ತವೆ. ಹೊಟ್ಟೆ ಕೆಡಲಿಲ್ವಾ? ಸಸ್ಯಾಹಾರಿಗಳು ಅಲ್ಲಿ ಏನು ತಿನ್ನಬೇಕು? ಒಬ್ಬೊಬ್ಬರಿಗೂ ಹೇಳಿ ಹೇಳಿ ಪ್ರತಿ ಸಲ ಏನಾದರೂ ಬಿಟ್ಟುಹೋಗುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಆ ಹೊತ್ತಿನಲ್ಲಿ ಊರು ತನ್ನ ಹೊಟ್ಟೆಪಾಡಿನಲ್ಲಿ ಇರುತ್ತದೆ, ನಮ್ಮನ್ನು ನೋಡುವುದಕ್ಕೆ ಅದಕ್ಕೆ ಪುರುಸೊತ್ತಿಲ್ಲ. ನನಗೆ ಬೇಕಾದದ್ದು ಅದೇ. ಹನೋಯ್‌ನ ಹಳೇ ಪೇಟೆಗೆ ಹತ್ತು ಗಂಟೆಗೆ ಹೋದರೆ ಟೀ ಶರ್ಟು, ಬಣ್ಣದ ಲಾಂದ್ರ, "ಬನ್ನಿ ಬನ್ನಿ" ಅಂತ ಕರೆಯುವವರು. ಅದೇ ಬೀದಿಗೆ ಐದೂವರೆಗೆ ಹೋಗಿ. ಮುಚ್ಚಿದ ಷಟರ್‌ಗಳ ಮುಂದೆ ಹೆಂಗಸರು ಪ್ಲಾಸ್ಟಿಕ್ ಹಾಸಿ ಸೊಪ್ಪು ಹರಡಿಕೊಂಡು ಕೂತಿರುತ್ತಾರೆ. ಅಗಲವಾದ ಟಬ್ಬಿನಲ್ಲಿ ಮೀನು ಇನ್ನೂ ಒದ್ದಾಡುತ್ತಿರುತ್ತದೆ. ಸ್ಕೂಟರಿನಿಂದ ಇಳಿಯದೇ, ಎಂಜಿನ್ನೂ ಆರಿಸದೇ, ಕೈ ಚಾಚಿ ಒಂದು ಕಟ್ಟು ಸೊಪ್ಪು ತಗೊಂಡು ದುಡ್ಡು ಕೊಟ್ಟು ಹೋಗುವವರೇ ಜಾಸ್ತಿ. ಎಂಟರ ಹೊತ್ತಿಗೆ ಇದೆಲ್ಲ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ, ನೆಲ ಮಾತ್ರ ಒದ್ದೆ.

ಇಂಥ ಸಂತೆಗೆ ಅವರು ಚ ಕಾಕ್ ಅನ್ನುತ್ತಾರೆ. ಚ ಅಂದರೆ ಮಾರ್ಕೆಟ್, ಕಾಕ್ ಅಂದರೆ ನೆಲಗಪ್ಪೆ. ಲೈಸೆನ್ಸ್ ಇಲ್ಲ, ಕಟ್ಟಡ ಇಲ್ಲ, ಪೊಲೀಸರು ಬಂದರೆ ಗಂಟು ಕಟ್ಟಿಕೊಂಡು ಇನ್ನೊಂದು ಮೂಲೆಗೆ ಹಾರುತ್ತದೆ, ಕಪ್ಪೆ ಹಾಗೆ. ಹನೋಯ್‌ನ ದೊಡ್ಡ ಮಾರ್ಕೆಟ್ ಅಂದರೆ ಡಾಂಗ್ ಸುವಾನ್. 1889ರಲ್ಲಿ ಫ್ರೆಂಚರ ಕಾಲದಲ್ಲಿ ಕಟ್ಟಿದ್ದು, 1994ರಲ್ಲಿ ಬೆಂಕಿ ಬಿದ್ದು ಸುಟ್ಟು ಮತ್ತೆ ಎದ್ದಿದ್ದು. ಅದನ್ನೂ ನೋಡಿ. ಆದರೆ ಒಂದೇ ಬೆಳಿಗ್ಗೆ ಇದ್ದರೆ ನಾನು ಕಪ್ಪೆ ಸಂತೆಗೇ ಹೋಗುತ್ತೇನೆ.

ಅಲ್ಲಿ ಮೊದಲ ದಿನ ನಾನೊಂದು ತಪ್ಪು ಮಾಡಿದೆ, ನೀವು ಮಾಡಬೇಡಿ. ಆಗತಾನೇ ಬುಟ್ಟಿ ಇಳಿಸಿದ್ದ ಒಬ್ಬ ವಯಸ್ಸಾದ ಅಮ್ಮನ ಹತ್ತಿರ ಹಣ್ಣಿನ ರೇಟು ಕೇಳಿದೆ, ಚೌಕಾಸಿ ಮಾಡಿದೆ, ಕೊಳ್ಳದೇ ಮುಂದಕ್ಕೆ ಹೋದೆ. ತಿರುಗಿ ನೋಡಿದರೆ ಆಕೆ ಒಂದು ಚೂರು ಕಾಗದಕ್ಕೆ ಬೆಂಕಿ ಹಚ್ಚಿ ಬುಟ್ಟಿಯ ಮೇಲೆ ಆಡಿಸುತ್ತಿದ್ದಳು. ಏನೆಂದು ಅರ್ಥ ಆಗಲಿಲ್ಲ. ಸಂಜೆ ನಾವಿದ್ದ ಮನೆಯ ಹುಡುಗಿ ಬಿಡಿಸಿ ಹೇಳಿದಳು. ಅದು ಬೋಣಿಯ ವಿಷಯ. ಅವರು ಮ ಹಾಂಗ್ ಅನ್ನುತ್ತಾರೆ. ಮೊದಲ ಗಿರಾಕಿ ಹೇಗೋ ಇಡೀ ದಿನದ ವ್ಯಾಪಾರ ಹಾಗೆ ಅನ್ನುವ ನಂಬಿಕೆ. ಬೋಣಿ ಹೊತ್ತಿನಲ್ಲಿ ಸುಮ್ನೆ ರೇಟು ಕೇಳಿ ಹೋದರೆ ಅಪಶಕುನ, ಅದನ್ನು ಓಡಿಸಲು ಕಾಗದ ಸುಡುವುದು. ನನಗೆ ತುಂಬಾ ಬೇಜಾರಾಯಿತು. ಮಾರನೇ ದಿನ ಹೋಗಿ ಚೌಕಾಸಿ ಇಲ್ಲದೇ ಎರಡು ಕಿಲೋ ತಗೊಂಡೆ. ಆಕೆಗೆ ನನ್ನ ನೆನಪಿತ್ತೋ ಇಲ್ಲವೋ, ನಕ್ಕಳು. ಅಲ್ಲಿಂದ ಮುಂದೆ ಇದೊಂದು ನಿಯಮ ಮಾಡಿಕೊಂಡಿದ್ದೇನೆ: ಕೊಳ್ಳುವುದಿದ್ದರೆ ಮಾತ್ರ ಬೆಳಿಗ್ಗೆ ರೇಟು ಕೇಳುವುದು, ಇಲ್ಲದಿದ್ದರೆ ಬರೀ ನೋಡುವುದು.

ಈಗ ತಿಂಡಿ. ನನ್ನ ಮಟ್ಟಿಗೆ ಮಾರ್ಕೆಟ್ಟು, ತಿಂಡಿ ಎರಡೂ ಒಂದೇ ಸುತ್ತು. ಅರ್ಧ ಗಂಟೆ ಹಿಂದೆ ನೆಲದ ಮೇಲೆ ರಾಶಿ ಬಿದ್ದಿದ್ದ ಈರುಳ್ಳಿ ಸೊಪ್ಪೇ ಈಗ ನನ್ನ ಬಟ್ಟಲಲ್ಲಿ. ಎಲ್ಲಿ ತಿನ್ನಬೇಕು ಅಂತ ಫೋನಿನಲ್ಲಿ ಹುಡುಕುವ ಬದಲು, ಮಾರುವ ಹೆಂಗಸರು ಎದ್ದು ಎಲ್ಲಿಗೆ ಹೋಗಿ ಉಣ್ಣುತ್ತಾರೆ ನೋಡಿ, ಅಲ್ಲಿಗೇ ಹೋಗಿ. ಸಂತೆಯಲ್ಲಿ ಕೂರುವವರು ರಾತ್ರಿಯೇ ಎದ್ದಿರುತ್ತಾರೆ. ಹೊಟ್ಟೆ ತುಂಬುವ, ಬಿಸಿಬಿಸಿಯ, ದುಬಾರಿಯಲ್ಲದ ಜಾಗ ಅವರಿಗೆ ಗೊತ್ತಿರುತ್ತದೆ.

ಫೋ ಅಂತ ನಾವು ಬರೆಯುವುದು ಅವರ ಬಾಯಲ್ಲಿ "ಫಾ" ಹತ್ತಿರ ಕೇಳಿಸುತ್ತದೆ. ಮೂಳೆ ಕುದಿಸಿದ ಬಿಸಿ ರಸದಲ್ಲಿ ಅಕ್ಕಿ ನೂಡಲ್ಸ್, ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಹನೋಯ್, ನಾಮ್ ದಿನ್ ಕಡೆ ಹುಟ್ಟಿದ ತಿಂಡಿ. ಸಾಮಾನ್ಯವಾಗಿ ದನದ ಮೂಳೆ, ಕೋಳಿಯದೂ ಸಿಗುತ್ತದೆ. ಮೂಳೆಯನ್ನು ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಕುದಿಸುತ್ತಾರೆ. ಜೊತೆಗೆ ಚಕ್ರಮೊಗ್ಗು, ಚಕ್ಕೆ, ಕೆಂಡದ ಮೇಲೆ ಸುಟ್ಟ ಶುಂಠಿ ಮತ್ತು ಈರುಳ್ಳಿ. ಆ ಸುಟ್ಟ ವಾಸನೆಯೇ ಬೀದಿಯ ತುದಿಯಿಂದ ನಿಮ್ಮನ್ನು ಕರೆದುಕೊಂಡು ಬರುತ್ತದೆ. ಉತ್ತರದಲ್ಲಿ ಅಕ್ಕಿ ನೂಡಲ್ಸ್, ಮಾಂಸ, ಈರುಳ್ಳಿ ಸೊಪ್ಪು, ಅಷ್ಟೇ. ಬೇಕಾದರೆ ಅದ್ದಿಕೊಳ್ಳಲು ಕ್ವಾಯ್ ಅನ್ನುವ, ಎಣ್ಣೆಯಲ್ಲಿ ಕರಿದ ಮೈದಾ ಕೋಲು. ದಕ್ಷಿಣಕ್ಕೆ, ಸೈಗಾನ್ ಕಡೆಗೆ ಹೋದರೆ ಪಕ್ಕದಲ್ಲಿ ಒಂದು ತಟ್ಟೆ ತುಂಬ ಎಳೆ ಸೊಪ್ಪು, ಮೊಳಕೆ ಕಾಳು ಇಡುತ್ತಾರೆ, ರಸವೂ ಸ್ವಲ್ಪ ಸಿಹಿ. ನನಗೆ ಹನೋಯ್‌ನದೇ ಇಷ್ಟ. ಬಚ್ಚಿಟ್ಟುಕೊಳ್ಳಲು ಅದರಲ್ಲಿ ಏನೂ ಇಲ್ಲ, ರಸ ಚೆನ್ನಾಗಿರಲೇಬೇಕು.

ಇನ್ನು ನೋಡುವುದಕ್ಕೇ ಹೋಗಬೇಕಾದದ್ದು ಬಾನ್ ಕುವೋನ್. ಕುದಿಯುವ ಪಾತ್ರೆಯ ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಅದರ ಮೇಲೆ ಅಕ್ಕಿ ಹಿಟ್ಟನ್ನು ತೆಳ್ಳಗೆ ಸವರಿ ಮುಚ್ಚುತ್ತಾರೆ. ಅರೆ ನಿಮಿಷಕ್ಕೆ ಹಬೆಯಲ್ಲಿ ಬೆಂದ ಹಾಳೆಯನ್ನು ಉದ್ದನೆಯ ಬಿದಿರು ಕಡ್ಡಿಯಿಂದ ಎತ್ತಿ, ಒಳಗೆ ಹಂದಿ ಮಾಂಸ ಮತ್ತು ಅಣಬೆ ಇಟ್ಟು ಸುತ್ತುತ್ತಾರೆ. ಹಾಳೆ ಹರಿಯುವುದೇ ಇಲ್ಲ! ನಾನು ತಿಂದಿದ್ದಕ್ಕಿಂತ ಆ ಕೈ ನೋಡುತ್ತಾ ನಿಂತಿದ್ದೇ ಜಾಸ್ತಿ.

ಸಸ್ಯಾಹಾರದ ಪ್ರಶ್ನೆಗೆ ನನ್ನ ಅಕ್ಕನೇ ಉತ್ತರ. ಮೊಟ್ಟೆಯನ್ನೂ ಮುಟ್ಟದವಳು, ಹನ್ನೊಂದು ದಿನ ನನ್ನ ಜೊತೆ ಸುತ್ತಿದಳು, ಒಂದು ಬೆಳಿಗ್ಗೆಯೂ ಉಪವಾಸ ಇರಲಿಲ್ಲ. ಕಲಿಯಬೇಕಾದ ಪದ ಒಂದೇ, "ಚಾಯ್". ನಮ್ಮ ಚಹಾ ಅಲ್ಲ, ಅಲ್ಲಿ ಅದರ ಅರ್ಥ ಸಸ್ಯಾಹಾರ. "ತೋಯ್ ಆನ್ ಚಾಯ್" ಅಂದರೆ ನಾನು ಸಸ್ಯಾಹಾರಿ. ಚಾಂದ್ರಮಾನ ತಿಂಗಳ ಒಂದನೇ ಮತ್ತು ಹದಿನೈದನೇ ದಿನ ಅಲ್ಲಿನ ಬೌದ್ಧರಲ್ಲಿ ಅನೇಕರು ಮಾಂಸ ಬಿಡುತ್ತಾರೆ, ಹಾಗಾಗಿ ಈ ಪದ ಎಲ್ಲರಿಗೂ ಗೊತ್ತು. ಆ ದಿನಗಳಲ್ಲಿ ಹೋದರೆ ಸಸ್ಯಾಹಾರ ಹುಡುಕುವುದು ಇನ್ನೂ ಸುಲಭ. ಎಚ್ಚರ ಇರಬೇಕಾದದ್ದು ಮೀನಿನ ಸಾಸ್ ವಿಷಯದಲ್ಲಿ. ಬರೀ ಸೊಪ್ಪಿನ ಪಲ್ಯದಂತೆ ಕಂಡರೂ ಅದರಲ್ಲಿ ಬಿದ್ದಿರುತ್ತದೆ. ಬೆಳಿಗ್ಗೆ ಅಕ್ಕ ಹುಡುಕುತ್ತಿದ್ದದ್ದು ಸೋಯ್, ಅಂದರೆ ಹಬೆಯಲ್ಲಿ ಬೇಯಿಸಿದ ಅಂಟಕ್ಕಿ ಅನ್ನ. ಬುಟ್ಟಿಯಲ್ಲಿ ಬಟ್ಟೆ ಸುತ್ತಿ ಬೆಚ್ಚಗಿಟ್ಟುಕೊಂಡು ಮಾರುತ್ತಾರೆ, ಬಾಳೆಲೆಯಲ್ಲಿ ಕಟ್ಟಿ ಕೊಡುತ್ತಾರೆ. ಕಡಲೆಕಾಯಿ ಬೀಜ ಹಾಕಿದ್ದು ಕೇಳಿ, ಮೇಲೆ ಎಳ್ಳು ಉಪ್ಪಿನ ಪುಡಿ ಉದುರಿಸುತ್ತಾರೆ. ಹಳದಿ ಬಣ್ಣದ, ಹೆಸರುಬೇಳೆಯದು ಇನ್ನೂ ಚೆಂದ ಕಾಣುತ್ತದೆ, ಆದರೆ ಅದರ ಮೇಲೆ ಎಷ್ಟೋ ಕಡೆ ಕೊಬ್ಬು ಸುರಿಯುತ್ತಾರೆ. ಕೇಳಿಯೇ ತಗೊಳ್ಳಿ.

ಹೊಟ್ಟೆ? ಕೆಡಲಿಲ್ಲ. ಕುದಿಯುತ್ತಿರುವ ಪಾತ್ರೆ, ಕಣ್ಣೆದುರು ಬಡಿಸುವ ಕೈ, ಖಾಲಿ ಆಗುತ್ತಿದ್ದಂತೆ ತುಂಬುವ ಸ್ಟೂಲು, ಈ ಮೂರೂ ಇದ್ದ ಕಡೆ ಕೂತೆವು. ಇಂಥ ಜಾಗಗಳಲ್ಲಿ ಸಾಮಾನ್ಯವಾಗಿ ಒಂದೇ ತಿಂಡಿ ಮಾಡುತ್ತಾರೆ, ಪಾತ್ರೆ ಖಾಲಿಯಾದರೆ ಮುಗಿಯಿತು, ಹಾಗಾಗಿ ಹಳಸಲು ಸಮಯವೇ ಇಲ್ಲ. ಹಸಿ ಸೊಪ್ಪನ್ನು ಮಾತ್ರ ಮೊದಲ ಎರಡು ದಿನ ಕುದಿವ ರಸಕ್ಕೆ ಹಾಕಿಯೇ ತಿಂದೆ. ನಲ್ಲಿ ನೀರು ಮುಟ್ಟಲಿಲ್ಲ.

ದುಡ್ಡಿನ ಬಗ್ಗೆ ಒಂದು ಮಾತು. 20,000 ಡಾಂಗ್ ನೋಟು, 5,00,000 ಡಾಂಗ್ ನೋಟು, ಎರಡೂ ನೀಲಿ. ನಸುಕಿನ ಬೆಳಕಿನಲ್ಲಿ ಒಂದರ ಬದಲು ಇನ್ನೊಂದು ಕೊಟ್ಟರೆ ಇಪ್ಪತ್ತೈದು ಪಟ್ಟು ಕೊಟ್ಟಂತೆ. ಚಿಲ್ಲರೆ ಬೇರೆ ಜೇಬಿನಲ್ಲಿಡಿ.

ತಿಂಡಿ ಆದಮೇಲೆ ಕಾಫಿ ಬೇಕೇ ಬೇಕು. ಲೋಟದ ಮೇಲೆ ಪುಟ್ಟ ಫಿಲ್ಟರ್ ಕೂರಿಸಿ ಕೊಡುತ್ತಾರೆ, ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಕೆಳಗೆ ಗಟ್ಟಿ ಸಿಹಿ ಹಾಲು. ತಾಜಾ ಹಾಲು ಸಿಗದ ಕಾಲದಲ್ಲಿ ಡಬ್ಬಿ ಹಾಲಿನಿಂದ ಶುರುವಾದ ಅಭ್ಯಾಸ, ಈಗ ಅದೇ ರುಚಿ. 1946ರಲ್ಲಿ ಹಾಲಿಗೆ ಬರ ಬಂದಾಗಲೇ ಹನೋಯ್‌ನಲ್ಲಿ ಮೊಟ್ಟೆಯ ಹಳದಿ ಕಡೆದು ಹಾಕುವ ಕಾಫಿಯೂ ಹುಟ್ಟಿತು.

ಕೊನೆಗೆ ಕಾಯ್ ರಾಂಗ್. ಮೆಕಾಂಗ್ ನದಿಯ ಬಯಲಿನಲ್ಲಿ, ಕಾನ್ ತೊ ಊರಿನಿಂದ ಸುಮಾರು ಆರು ಕಿಲೋಮೀಟರ್ ದೂರದ ತೇಲುವ ಮಾರ್ಕೆಟ್. ಐದಕ್ಕೇ ದೋಣಿ ಹತ್ತಬೇಕು, ಎಂಟರ ಮೇಲೆ ಹೋಗಿ ಪ್ರಯೋಜನವಿಲ್ಲ. ಇಲ್ಲಿ ಕೂಗಿ ಕರೆಯುವವರಿಲ್ಲ, ಎಂಜಿನ್ ಸದ್ದಿನಲ್ಲಿ ಯಾರ ಕೂಗೂ ಕೇಳುವುದಿಲ್ಲ. ಅದಕ್ಕೆ ಪ್ರತಿ ದೋಣಿಯ ಮೇಲೂ ಉದ್ದನೆಯ ಬಿದಿರು ಗಳ ನಿಲ್ಲಿಸಿ, ಮಾರುವ ಸಾಮಾನನ್ನು ಅದರ ತುದಿಗೆ ಕಟ್ಟುತ್ತಾರೆ. ಅನಾನಸ್ ಕಟ್ಟಿದ್ದರೆ ಅನಾನಸ್, ಕುಂಬಳ ಕಟ್ಟಿದ್ದರೆ ಕುಂಬಳ. ನೂಡಲ್ಸ್ ಮಾಡುವವರು ತಮ್ಮ ಪುಟ್ಟ ದೋಣಿಯನ್ನು ನಮ್ಮ ದೋಣಿಗೆ ತಾಗಿಸಿ ಕೊಕ್ಕೆ ಹಾಕಿ, ಅಲುಗಾಡುವ ನೀರಿನ ಮೇಲೇ ಬಿಸಿ ರಸ ಬಡಿಸುತ್ತಾರೆ. ಒಂದು ತೊಟ್ಟೂ ಚೆಲ್ಲುವುದಿಲ್ಲ.

2016ರಲ್ಲಿ ಇದನ್ನು ರಾಷ್ಟ್ರೀಯ ಪರಂಪರೆ ಅಂತ ಗುರುತಿಸಿದರು. ಆದರೆ ರಸ್ತೆಗಳು ಚೆನ್ನಾದ ಮೇಲೆ ಸಾಮಾನು ಲಾರಿಯಲ್ಲಿ ಹೋಗುತ್ತಿದೆ, ವರ್ಷ ವರ್ಷ ದೋಣಿಗಳು ಕಡಿಮೆಯಾಗುತ್ತಿವೆ. ವಾಪಸು ಬರುವಾಗ ಒಂದು ಗಳದ ತುದಿಯಲ್ಲಿ ಬರೀ ತಾಳೆ ಜಾತಿಯ ಒಣ ಗರಿ ಕಟ್ಟಿದ್ದು ಕಂಡಿತು. ಇದೇನು ಮಾರುತ್ತಾರೆ ಅಂತ ಅಕ್ಕ ಕೇಳಿದಳು. ಗರಿ ಕಟ್ಟಿದ್ದರೆ ದೋಣಿಯೇ ಮಾರಾಟಕ್ಕಿದೆ ಅಂತ ಅರ್ಥ, ಅಂದರು ನಮ್ಮ ದೋಣಿಯವರು. ಆ ದೋಣಿಯ ಹಿಂಬದಿಯಲ್ಲಿ ಒಬ್ಬ ಹೆಂಗಸು ಕೂತು ಮಗುವಿಗೆ ತಿಂಡಿ ತಿನ್ನಿಸುತ್ತಿದ್ದಳು.