ನಾಲ್ಕನೆಯ ಮಾದರಿ

ಹೃದಯ-ಶ್ವಾಸಕೋಶ ಯಂತ್ರ ನಡೆಸುವ ಪರ್ಫ್ಯೂಷನಿಸ್ಟ್ ಆಗಿ ಹಲವು ವರ್ಷ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಕಳೆದ ನನಗೆ, ನಮ್ಮ ದೇಶದಲ್ಲೇ ರೂಪಿಸಿದ ಕೃತಕ ಹೃದಯ ಕವಾಟವಾದ ಚಿತ್ರಾ ಕವಾಟವೆಂದರೆ ಮೊದಲು ನೆನಪಾಗುವುದು ಅದರ ಸದ್ದು. ರಾತ್ರಿ ಮನೆಯೆಲ್ಲ ಮಲಗಿದ ಮೇಲೆ ಎದೆಯೊಳಗಿನ ಟಿಕ್ ಟಿಕ್ ತಮಗೇ ಕೇಳಿಸುತ್ತದೆಂದು ಹೇಳಿದ ರೋಗಿಗಳು ಒಬ್ಬಿಬ್ಬರಲ್ಲ. 2024ರ ಜುಲೈ 17ರಂದು, ಆ ಕವಾಟದ ಕೆಲಸದ ಮುಂದಾಳಾಗಿದ್ದ ಹೃದಯ ಶಸ್ತ್ರವೈದ್ಯ ಡಾ. ಎಂ. ಎಸ್. ವಲಿಯತ್ತಾನ್ ಅವರು ಮಣಿಪಾಲದಲ್ಲಿ ತೀರಿಕೊಂಡಾಗ ನೆನಪಾದದ್ದೂ ಅದೇ ಸದ್ದು.

1974ರಲ್ಲಿ ಅವರು ತಿರುವನಂತಪುರಕ್ಕೆ ಬಂದಾಗ ಅಲ್ಲಿನ ಶ್ರೀ ಚಿತ್ರಾ ವೈದ್ಯಕೀಯ ಕೇಂದ್ರ ಇನ್ನೂ ರೋಗಿಗಳಿಗೆ ತೆರೆದಿರಲಿಲ್ಲ. ಎಳವೆಯಲ್ಲಿ ಗಂಟಲುನೋವಾಗಿ ಶುರುವಾಗಿ, ಕೀಲುಗಳನ್ನು ಹಾದು, ಕೊನೆಗೆ ಹೃದಯದ ಕವಾಟವನ್ನೇ ಕೆಡಿಸುವ ರುಮ್ಯಾಟಿಕ್ ಜ್ವರ ಹೆಚ್ಚಾಗಿ ಬಡಮನೆಯ ಮಕ್ಕಳನ್ನೇ ಹಿಡಿಯುತ್ತದೆ. ಕವಾಟ ಬದಲಿಸುವ ನೈಪುಣ್ಯ ನಮ್ಮ ಶಸ್ತ್ರವೈದ್ಯರಿಗಿದ್ದರೂ ಹೊರದೇಶದಿಂದ ಬರುವ ಕವಾಟದ ಬೆಲೆ ಆ ಮನೆಗಳಿಗೆ ಎಟುಕುತ್ತಿರಲಿಲ್ಲ. ವಲಿಯತ್ತಾನ್ ಅವರು ಆಸ್ಪತ್ರೆಯ ಜೊತೆಗೇ, ರಾಜಮನೆತನದವರು ಕೊಟ್ಟ ಪೂಜಪ್ಪುರದ ಸಾಟೆಲ್‌ಮಂಡ್ ಅರಮನೆಯಲ್ಲಿ ಜೈವಿಕ ವೈದ್ಯಕೀಯ ತಂತ್ರಜ್ಞಾನದ ವಿಭಾಗವನ್ನು ಕಟ್ಟಿ, ಎಂಜಿನಿಯರುಗಳನ್ನೂ ಶಸ್ತ್ರವೈದ್ಯರನ್ನೂ ಒಂದೇ ಸಂಸ್ಥೆಯ ಸಹೋದ್ಯೋಗಿಗಳನ್ನಾಗಿ ಮಾಡಿದರು. ಅವರ ಮುಖಂಡತ್ವದ ತಿರುಳು ಇಲ್ಲಿದೆಯೆಂದು ನನಗನ್ನಿಸುತ್ತದೆ.

ಕವಾಟ ಒಮ್ಮೆಗೇ ಕೈಗೂಡಲಿಲ್ಲ. ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ, ವರ್ಷಕ್ಕೆ ಮೂರೂವರೆ ಕೋಟಿಗೂ ಹೆಚ್ಚು ಸಲ ಮಿಡಿಯುವುದರಿಂದ, ಕವಾಟವೂ ಅಷ್ಟು ಸಲ ತೆರೆದು ಮುಚ್ಚಿಕೊಳ್ಳಬೇಕು. ಮೊದಲ ಮಾದರಿಯಲ್ಲಿ, ತೆರೆದು ಮುಚ್ಚುವ ತಟ್ಟೆಯನ್ನು ಹಿಡಿದಿಡಲು ಬೆಸುಗೆ ಹಾಕಿದ ಕಡ್ಡಿ ಪರೀಕ್ಷಾಯಂತ್ರದಲ್ಲೇ ಮುರಿಯಿತು. ಎರಡನೆಯದರಲ್ಲಿ ನೀಲಮಣಿಯ ತಟ್ಟೆ ಟೈಟಾನಿಯಂ ಚೌಕಟ್ಟನ್ನು ಸವೆಸಿತು. ಚೌಕಟ್ಟಿನ ಲೋಹವನ್ನೇ ಬದಲಿಸಿದ ಮೂರನೆಯದು ಕುರಿಯ ಹೃದಯದವರೆಗೂ ಹೋಯಿತು. ಅಲ್ಲಿ ಆ ನೀಲಮಣಿಯ ತಟ್ಟೆಯೇ ಒಡೆಯಿತು. ಜಿ. ಎಸ್. ಭುವನೇಶ್ವರ್ ಅವರ ಎಂಜಿನಿಯರಿಂಗ್ ತಂಡ ಪ್ರತಿ ಸಲವೂ ಮೊದಲಿನಿಂದ ಲೆಕ್ಕ ಹಾಕಿತು. ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟು, ಪಾಲಿಎಥಿಲೀನ್ ತಟ್ಟೆ, ಹೊಲಿಗೆಗೆಂದು ಪಾಲಿಯೆಸ್ಟರ್ ಬಟ್ಟೆಯ ಉಂಗುರವಿದ್ದ ನಾಲ್ಕನೆಯ ಮಾದರಿಯನ್ನು 1990ರ ಡಿಸೆಂಬರ್ 6ರಂದು ಮೊದಲ ಸಲ ಮನುಷ್ಯನಿಗೆ ಅಳವಡಿಸಲಾಯಿತು. ಅಲ್ಲಿಂದೀಚೆಗೆ 1 ಲಕ್ಷಕ್ಕೂ ಹೆಚ್ಚು ರೋಗಿಗಳಿಗೆ ಅದು ಸಂದಿದೆ.

ಇಷ್ಟು ಸೋಲುಗಳನ್ನು ತಾಳಿಕೊಳ್ಳುವ ವಿಭಾಗಗಳು ನಮ್ಮಲ್ಲಿ ಕಡಿಮೆ. ನಾನು ಕೆಲಸ ಮಾಡಿದ ಒಂದು ಕಡೆ ಸಂಶೋಧನೆಯೆಂದರೆ ಬಡ್ತಿಗೆ ಬೇಕಾದಷ್ಟು ಪ್ರಬಂಧಗಳೆಂದೇ ಅರ್ಥವಾಗಿತ್ತು. ಯಂತ್ರದಿಂದ ಹೊರಬಂದ ಮೇಲೆ ರೋಗಿಗಳ ಮೂತ್ರಪಿಂಡಗಳು ಹೇಗಿರುತ್ತವೆಂದು ಎರಡು ವರ್ಷ ನಾನು ಬರೆದಿಟ್ಟಿದ್ದ ಲೆಕ್ಕವನ್ನು, ಫಲಿತಾಂಶ ವಿಭಾಗಕ್ಕೆ ಹೆಸರು ತರುವಂತಿಲ್ಲವೆಂದು ಮುಖ್ಯಸ್ಥರು ಬದಿಗಿರಿಸಿದರು. ಆ ನೋವು ಇಂದಿಗೂ ಇದೆ. ಕುರಿಯ ಎದೆಯಲ್ಲಿ ತಟ್ಟೆ ಒಡೆದದ್ದನ್ನು ಮುಚ್ಚಿಡದೆ ಹೇಳಿಕೊಂಡ ನಾಯಕನನ್ನು ನಾನು ಗೌರವಿಸುವುದಕ್ಕೆ ಅದೂ ಒಂದು ಕಾರಣ.

1993ರಲ್ಲಿ ಅವರು ಮಣಿಪಾಲಕ್ಕೆ ಬಂದು ಅಲ್ಲಿನ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದುದು ಕನ್ನಡಿಗರಿಗೆ ಗೊತ್ತಿರುವ ಸಂಗತಿ. ಅಷ್ಟಾಗಿ ಗೊತ್ತಿಲ್ಲದ್ದು, ಕೇರಳದ ಬಡಮಕ್ಕಳ ಹೃದಯದ ಒಳಪದರವನ್ನು ಗಟ್ಟಿಯಾಗಿಸಿ ಕೊಲ್ಲುತ್ತಿದ್ದ ಎಂಡೋಮಯೋಕಾರ್ಡಿಯಲ್ ಫೈಬ್ರೋಸಿಸ್ ಎಂಬ ಕಾಯಿಲೆಯನ್ನು ಅವರು ವರ್ಷಗಟ್ಟಲೆ ಬೆನ್ನಟ್ಟಿದ್ದು. ಕರಾವಳಿಯ ಮೊನಜೈಟ್ ಮರಳಿನಲ್ಲಿರುವ ಸೀರಿಯಂ, ಜೊತೆಗೆ ಆಹಾರದಲ್ಲಿ ಮೆಗ್ನೀಸಿಯಂ ಕೊರತೆ, ಇವೆರಡೂ ಸೇರಿ ಆ ರೋಗ ಬರುತ್ತದೆಂಬುದು ಅವರ ಊಹೆ. ಅದು ಪೂರ್ಣವಾಗಿ ಸಾಬೀತಾಗುವ ಮೊದಲೇ ಆಸ್ಪತ್ರೆಗೆ ಬರುವ ಅಂಥ ಮಕ್ಕಳ ಸಂಖ್ಯೆ ಇಳಿಯುತ್ತ ಬಂತು.