ಬಂದೂಕಿಲ್ಲದ ಕಥೆ

'ಸೌಂಡ್ ಆಫ್ ಫ್ರೀಡಮ್' ಕೊನೆಗೂ ನೋಡಿದೆ. ಮಕ್ಕಳ ಕಳ್ಳಸಾಗಣೆ ಮೇಲಿನ ಸಿನಿಮಾ. 2018ರಲ್ಲೇ ಶೂಟಿಂಗ್ ಆಗಿ ಡಬ್ಬದಲ್ಲಿ ಕೂತಿತ್ತು. 2023ರ ಜುಲೈ 4ಕ್ಕೆ ಅಮೆರಿಕದಲ್ಲಿ ಏಂಜಲ್ ಸ್ಟುಡಿಯೋಸ್ ಬಿಡುಗಡೆ ಮಾಡಿತು. ಚರ್ಚಿನವರು ಗುಂಪುಗುಂಪಾಗಿ ಥಿಯೇಟರಿಗೆ ಹೋದರು. ಕೊನೆಯಲ್ಲಿ ಹೀರೋ ಜಿಮ್ ಕವೀಝೆಲ್ (ಹೌದು, 2004ರಲ್ಲಿ ಏಸು ಪಾತ್ರ ಮಾಡಿದವರೇ) ಪರದೆ ಮೇಲೆ ಬಂದು ಮಾತಾಡುತ್ತಾರೆ, ಜೊತೆಗೊಂದು ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿ ಗುರುತಿಲ್ಲದವರಿಗೆ ಟಿಕೆಟ್ ಕೊಡಿಸಬಹುದು. ಐಡಿಯಾ ಅಂದ್ರೆ ಇದಪ್ಪಾ!

ಕಣ್ಣೀರು ಬಂತು, ಸುಳ್ಳು ಹೇಳಲ್ಲ. ಆದ್ರೂ ಒಂದು ತಕರಾರು. ಅಲ್ಲಿ ಆಡಿಷನ್ ನೆಪದಲ್ಲಿ ಮಕ್ಕಳನ್ನು ಹಾರಿಸುತ್ತಾರೆ, ಹೀರೋ ಕಾಡಿಗೆ ನುಗ್ಗುತ್ತಾನೆ. ನಮ್ಮ ಕಡೆ ಅಷ್ಟೆಲ್ಲ ಬೇಕಾಗಿಲ್ಲ. ಗೊತ್ತಿರೋ ಮೇಸ್ತ್ರಿಯೇ ಬಂದು ಕೈಗೆ ಮುಂಗಡ ಇಡುತ್ತಾನೆ. ಇಡೀ ಸಂಸಾರ ಇಟ್ಟಿಗೆ ಗೂಡಿಗೆ ಹೋಗುತ್ತದೆ. ಎಷ್ಟು ದುಡಿದರೂ ಸಾಲ ತೀರಲ್ಲ. ಜೀತ ನಿಷೇಧ ಕಾನೂನು 1976ರದ್ದು, ಅಲ್ವಾ?

ಇಂಟರ್‌ನ್ಯಾಷನಲ್ ಜಸ್ಟಿಸ್ ಮಿಷನ್ ಅನ್ನೋ ಕ್ರೈಸ್ತ ಸಂಸ್ಥೆ ಇಂಥ ಜೀತದ ಕೇಸುಗಳಲ್ಲೂ ಕೆಲಸ ಮಾಡಿದೆ. ಅಲ್ಲಿ ಇರೋದು ಅಸಿಸ್ಟೆಂಟ್ ಕಮಿಷನರ್ ಕಚೇರಿ, ಜೀತದಿಂದ ಬಿಡುಗಡೆಯ ಪತ್ರ, ವರ್ಷಗಟ್ಟಲೆ ಕೋರ್ಟು. ಬಂದೂಕೂ ಇಲ್ಲ, ಬಿಜಿಎಮ್ಮೂ ಇಲ್ಲ. ಇದಕ್ಕೆ ಯಾವ ಪ್ರೊಡ್ಯೂಸರ್ ದುಡ್ಡು ಹಾಕ್ತಾರೆ ಹೇಳಿ?