ಓಟಿಪಿ ಹೊಲಕ್ಕೆ ಹೋಗಿತ್ತು

ಸರ್ಕಾರಿ ಶಾಲೆ ಮಕ್ಕಳಿಗೆ ಕನ್ನಡದಲ್ಲಿ ಗಣಿತ ಕಲಿಸುವ ಆ್ಯಪ್ ಮಾಡಲು ಹೊರಟಾಗ ನನಗೆ ಬಿದ್ದ ಮೊದಲ ಕೆಲಸ, ಈಗಾಗಲೇ ಇರುವ ಆನ್‌ಲೈನ್ ಕಲಿಕಾ ವೇದಿಕೆಗಳಲ್ಲಿ ಒಳ್ಳೆಯ ಮಾದರಿ ಹುಡುಕುವುದು. ಎರಡು ವಾರ ಕೂತು ಎಕ್ಸೆಲ್ ಶೀಟ್ ತುಂಬಿಸಿದೆ. ವಿಡಿಯೊ ಇದೆಯಾ, ಕ್ವಿಜ್ ಇದೆಯಾ, ಬ್ಯಾಡ್ಜ್ ಕೊಡ್ತಾರಾ, ಪೋಷಕರಿಗೆ ರಿಪೋರ್ಟ್ ಹೋಗುತ್ತಾ, ಹೀಗೆ ಇಪ್ಪತ್ತೆರಡು ಕಾಲಂ. ಇದ್ದದ್ದಕ್ಕೆಲ್ಲ ಹಸಿರು ಬಣ್ಣ. ಹಸಿರು ಜಾಸ್ತಿ ಇದ್ದದ್ದೇ ಒಳ್ಳೆಯ ಮಾದರಿ! ಮೀಟಿಂಗಿನಲ್ಲಿ ಎಲ್ಲರೂ ತಲೆದೂಗಿದರು, ನಾನೂ ಬೀಗಿದೆ.

ಮೊದಲ ಆವೃತ್ತಿ ಹಿಡಿದುಕೊಂಡು ಯಲಬುರ್ಗಾ ಕಡೆಯ ಒಂದು ಶಾಲೆಗೆ ಹೋದೆವು. ಆರನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಟ್ಯಾಬ್ ಕೊಟ್ಟೆ. ಮೊಬೈಲ್ ನಂಬರ್ ಕೇಳಿತು. ಬಾಯಿಪಾಠ ಇದ್ದ ಹತ್ತೂ ಅಂಕಿ ಒತ್ತಿದಳು. ಆಮೇಲೆ ಓಟಿಪಿ ಕೇಳಿದ್ದೇ ತಡ, ಟ್ಯಾಬನ್ನು ನನ್ನ ಕೈಗೆ ವಾಪಸ್ ಇಟ್ಟಳು. "ಅದು ಅಪ್ಪನ ಫೋನಿಗೆ ಹೋಗಿರ್ತದರಿ ಸರ್. ಅಪ್ಪ ಹೊಲಕ್ಕ ಹೋಗ್ಯಾನ್ರಿ."

ನನ್ನ ನಂಬರ್ ಹಾಕಿ ಒಳಗೆ ಬಿಟ್ಟೆ. ಅರ್ಧಕ್ಕೆ ಕಾಲು ಕೂಡಿಸುವ ಲೆಕ್ಕ ಬಂತು. ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಅಡ್ಡ ಗುಣಾಕಾರ ಮಾಡಿ 6/8 ಅಂತ ಉತ್ತರ ಕೊಟ್ಟಳು. ನಮ್ಮ ಆ್ಯಪಿಗೆ ಗೊತ್ತಿದ್ದದ್ದು 3/4 ಒಂದೇ. ಕೆಂಪು ಗುರುತು ಬಂತು, ಕೆಳಗೆ 'ತಪ್ಪು, ಮತ್ತೆ ಪ್ರಯತ್ನಿಸಿ'. ಅವಳು ಬರೆದದ್ದನ್ನು ಒಮ್ಮೆ ನೋಡಿದಳು, ರಬ್ಬರಿನಿಂದ ಅಳಿಸಿದಳು, ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 2/6 ಅಂತ ಹಾಕಿದಳು. ಸರಿ ದಾರಿಯಲ್ಲಿದ್ದ ಮಗುವನ್ನು ಒಂದೇ ನಿಮಿಷದಲ್ಲಿ ನಾವೇ ದಾರಿ ತಪ್ಪಿಸಿದ್ದೆವು. ಬಸ್ಸಿನಲ್ಲಿ ವಾಪಸ್ ಬರುವಾಗ ಯಾರೂ ಹೆಚ್ಚು ಮಾತಾಡಲಿಲ್ಲ.

ಆಫೀಸಿಗೆ ಬಂದು ಅವೇ ವೇದಿಕೆಗಳನ್ನು ಮತ್ತೆ ತೆರೆದೆ. ಈ ಸಲ ಆ ಹುಡುಗಿಯ ಜಾಗದಲ್ಲಿ ಕೂತು. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಖಾತೆ ಇಲ್ಲದೆಯೂ ಕಥೆ ಓದಬಹುದು. ನನ್ನ ಶೀಟಿನಲ್ಲಿ ಇದಕ್ಕೆ ಕಾಲಮ್ಮೇ ಇರಲಿಲ್ಲ. 2017ರಲ್ಲಿ ಬಂದ ಕೇಂದ್ರ ಸರ್ಕಾರದ ಕಲಿಕಾ ವೇದಿಕೆ ದೀಕ್ಷಾ, ಪಠ್ಯಪುಸ್ತಕದ ಪುಟದಲ್ಲೇ ಕ್ಯೂಆರ್ ಕೋಡ್ ಅಚ್ಚು ಹಾಕಿಸಿತು. ಮಗು ಕನ್ನಡ ಕೀಬೋರ್ಡಿನಲ್ಲಿ 'ಭಿನ್ನರಾಶಿ' ಅಂತ ಟೈಪ್ ಮಾಡುತ್ತಾ ಒದ್ದಾಡಬೇಕಿಲ್ಲ, ಕೈಯಲ್ಲಿರುವ ಪುಸ್ತಕವೇ ಬಾಗಿಲು. ಕೊಲಿಬ್ರಿ ಅನ್ನುವ ಉಚಿತ ಕಲಿಕಾ ತಂತ್ರಾಂಶದಲ್ಲಿ ಶಾಲೆಯ ಒಂದು ಕಂಪ್ಯೂಟರಿನಲ್ಲಿ ಪಾಠ ತುಂಬಿಟ್ಟರೆ, ಇಂಟರ್ನೆಟ್ ಇಲ್ಲದೆ ಉಳಿದ ಟ್ಯಾಬ್‌ಗಳು ಅದರಿಂದಲೇ ಓದಿಕೊಳ್ಳುತ್ತವೆ. ಅಷ್ಟೇಕೆ, 2020ರಲ್ಲಿ ಚಂದನ ವಾಹಿನಿಯಲ್ಲಿ ಬಂದ ಸಂವೇದ ಪಾಠಗಳು ಯಾರ ಓಟಿಪಿಯನ್ನೂ ಕೇಳಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಖಾನ್ ಅಕಾಡೆಮಿ ಅನ್ನುವ ಉಚಿತ ಆನ್‌ಲೈನ್ ಕಲಿಕಾ ತಾಣ. ಅದರಿಂದ ನಾನು ಎತ್ತಿಕೊಂಡಿದ್ದು ಬ್ಯಾಡ್ಜನ್ನು. ಆದರೆ ಅದರ ಮೂಲ ನೋಡಿ: 2004ರಲ್ಲಿ ಅದರ ಸ್ಥಾಪಕ ಸಾಲ್ ಖಾನ್ ದೂರದ ಊರಲ್ಲಿದ್ದ ತನ್ನ ಸಂಬಂಧಿ ಹುಡುಗಿ ನಾದಿಯಾಗೆ ಫೋನಿನಲ್ಲಿ ಗಣಿತ ಹೇಳಿಕೊಡಲು ಕೂತದ್ದು. ಅಳತೆಯ ಮಾನಗಳನ್ನು ಬದಲಾಯಿಸುವಲ್ಲಿ ಅವಳು ಎಡವುತ್ತಿದ್ದಳು. ವಿಡಿಯೊ, ಬ್ಯಾಡ್ಜ್ ಎಲ್ಲ ಬಂದದ್ದು ಆಮೇಲೆ. ಮೊದಲು ಇದ್ದದ್ದು, ಅವಳು ಎಲ್ಲಿ ಎಡವಿದಳು ಅಂತ ಕಿವಿಗೊಟ್ಟು ಕೇಳುವ ಒಬ್ಬ ಮನುಷ್ಯ. ಅವರ ಅಭ್ಯಾಸಗಳಲ್ಲಿ ಇವತ್ತಿಗೂ ಹಂತಹಂತವಾಗಿ ಸುಳಿವು ಕೇಳಬಹುದು. ನನ್ನ ಶೀಟಿನಲ್ಲಿ ಅದಕ್ಕೂ ಬರೀ ಒಂದು ಹಸಿರು ಚೌಕ.

ಈಗ ನಮ್ಮ ಆ್ಯಪಿನಲ್ಲಿ 6/8 ಹಾಕಿದರೆ 'ಸರಿ. ಇದನ್ನೇ ಇನ್ನೂ ಚಿಕ್ಕ ಸಂಖ್ಯೆಗಳಲ್ಲಿ ಬರೆಯಬಹುದಾ?' ಅನ್ನುತ್ತದೆ. 2/6 ಹಾಕಿದರೆ ರೊಟ್ಟಿಯ ಚಿತ್ರ ತೋರಿಸಿ, ಮೊದಲಿದ್ದ ಅರ್ಧಕ್ಕಿಂತ ಇದು ಕಮ್ಮಿ ಆಯಿತಲ್ಲ ಅಂತ ಕೇಳುತ್ತದೆ. ಪ್ರೋಗ್ರಾಮರ್‌ಗೆ ಅರ್ಧ ದಿನದ ಕೆಲಸ. ಅಂಥ ತಪ್ಪುಗಳನ್ನು ಮಕ್ಕಳ ನೋಟ್‌ಬುಕ್ಕಿನಿಂದ ಹೆಕ್ಕಲು ನನಗೆ ಮೂರು ತಿಂಗಳು ಹಿಡಿಯಿತು.

ಲಾಗಿನ್ ತೆಗೆದದ್ದಕ್ಕೆ ಮಾತ್ರ ಜಗಳ ಇನ್ನೂ ಮುಗಿದಿಲ್ಲ. ಎಷ್ಟು ಮಕ್ಕಳು ಕಲಿತರು ಅಂತ ದುಡ್ಡು ಕೊಟ್ಟವರಿಗೆ ಹೇಗೆ ತೋರಿಸುವುದು ಅನ್ನುವುದು ಮ್ಯಾನೇಜರ್ ತಕರಾರು, ಅದೂ ನಿಜವೇ. ಸದ್ಯಕ್ಕೆ ಫೋನ್‌ಗಳನ್ನು ಎಣಿಸುತ್ತಿದ್ದೇವೆ. ರಾತ್ರಿ ಊಟ ಆದ ಮೇಲೆ ಅಪ್ಪನ ಫೋನಿನ ಸುತ್ತ ಅಕ್ಕ, ತಂಗಿ, ತಮ್ಮ ಮೂವರೂ ಕೂತು ಲೆಕ್ಕ ಮಾಡಿದರೂ ನಮ್ಮ ರಿಪೋರ್ಟಿನಲ್ಲಿ ಒಂದೇ.